ಅಗರದ ಮನೆಗೆ ನಾನು ಕೊಂಡೊಯ್ದ ಹಾಲುತೊಂಡೆ

ಹೋದ ವರ್ಷ ಕೊಳ್ಳೇಗಾಲದಲ್ಲಿ, ರೇಷ್ಮೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಒಂದು ತರಬೇತಿ ನಡೆಯಿತು. ಹಳಬರು ಯಾರಾದರೂ ನಾಲ್ಕು ಮಾತಾಡಲಿ ಎಂದು ನನ್ನನ್ನೂ ಕರೆದಿದ್ದರು. ಮಾತಾಡಿದೆ, ಶಾಲು ಹೊದಿಸಿಕೊಂಡೆ, ಊಟದ ಹೊತ್ತಿನ ತನಕ ಇರೋಣವೆಂದು ಹಿಂದಿನ ಬೆಂಚಿಗೆ ಹೋಗಿ ಕೂತೆ. ಆಗ ಸಂಶೋಧನಾ ಕೇಂದ್ರದಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಹಾಲುತೊಂಡೆಯ ಬಗ್ಗೆ ಪಾಠ ಶುರುಮಾಡಿದಳು.

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಾಲುತೊಂಡೆ ಬಂದ ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಬಂದು ಸುತ್ತುತ್ತದೆ. ಮೈ ಊದಿ, ಚರ್ಮ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಕೊನೆಗೆ ಚರ್ಮ ಬಿರಿದು ಹಾಲಿನಂಥ ರಸ ಸುರಿಸಿ ಸಾಯುತ್ತದೆ. ಆ ರಸ ತಗುಲಿದ ಸೊಪ್ಪು ತಿಂದ ಹುಳುವಿಗೂ ಅದೇ ಗತಿ. ಅದು ವೈರಸ್ ತರುವ ರೋಗ.

ನನಗೆ ಅಷ್ಟು ಗೊತ್ತಿತ್ತು. ಆಕೆ ಮುಂದಿನದನ್ನು ಹೇಳಿದಳು. ಹುಳುವಿನ ಮೈಯಲ್ಲಿರುವ ಒಂದೊಂದು ಜೀವಕೋಶಕ್ಕೂ ಎಣ್ಣೆಯ ಪದರದಂಥ ತೆಳುವಾದ ಪೊರೆ ಇರುತ್ತದೆ. ಆ ಪೊರೆ ತೀರ ಸಡಿಲವಾಗದಂತೆ, ತೀರ ಬಿಗಿಯಾಗದಂತೆ ಹಿಡಿದಿಡುವುದು ಕೊಲೆಸ್ಟರಾಲ್. ನಮ್ಮಂಥ ಮುದುಕರು ರಕ್ತಪರೀಕ್ಷೆ ಮಾಡಿಸಿ ಹೆದರಿಕೊಳ್ಳುವ ಅದೇ ಕೊಲೆಸ್ಟರಾಲ್. ಈ ವೈರಸ್ಸಿಗೂ ಮೇಲೊಂದು ಕೊಬ್ಬಿನ ಹೊದಿಕೆ ಇದೆ. ಒಳಗೆ ನುಗ್ಗಬೇಕಾದರೆ ಆ ಹೊದಿಕೆ ಜೀವಕೋಶದ ಪೊರೆಯೊಂದಿಗೆ ಬೆರೆಯಬೇಕು. ಹಾಗೆ ಬೆರೆಯುವುದಕ್ಕೆ ಪೊರೆಯಲ್ಲಿ ಕೊಲೆಸ್ಟರಾಲ್ ಬೇಕು. ಪ್ರಯೋಗಶಾಲೆಯಲ್ಲಿ ಅದನ್ನು ಪೊರೆಯಿಂದ ಎಳೆದು ತೆಗೆದರೆ ವೈರಸ್ ಪೊರೆಯ ತನಕ ಬಂದು ಹೊರಗೇ ಕೂತಿರುತ್ತದಂತೆ, ಒಳಗೆ ಹೋಗಲು ತಿಣುಕುತ್ತದಂತೆ. ತಿರುಗಿ ಸೇರಿಸಿದರೆ ಮೊದಲಿನಂತೆ ಹೋಗುತ್ತದಂತೆ. ಎಲ್ಲ ವೈರಸ್ಸುಗಳಿಗೂ ಇದೇ ನಿಯಮ ಅಂದುಕೊಳ್ಳಬೇಡಿ ಎಂದೂ ಆಕೆ ಹೇಳಿದಳು.

ನನ್ನ ಬಾಯಿ ಸುಮ್ಮನಿರಲಿಲ್ಲ. “ಅಮ್ಮಾ, ಹಾಗಾದರೆ ಕೊಲೆಸ್ಟರಾಲ್ ಆಗದಂಥ ಸೊಪ್ಪು ಹಾಕಿಬಿಟ್ಟರೆ?” ಎಂದೆ.

ಹುಡುಗರು ನಕ್ಕರು. ಆಕೆ ನಗಲಿಲ್ಲ. “ಹುಳಾನೇ ಉಳಿಯಲ್ಲ ತಾತಾ. ನಮ್ಮ ಮೈ ಕೊಲೆಸ್ಟರಾಲನ್ನ ತಾನೇ ಮಾಡ್ಕೊಳ್ಳುತ್ತೆ, ಹುಳುವಿಗೆ ಅದು ಬರಲ್ಲ. ಹಿಪ್ಪುನೇರಳೆ ಸೊಪ್ಪಿನಲ್ಲಿ ಅದೇ ಜಾತಿಯದ್ದೊಂದು ಇರುತ್ತೆ. ಅದನ್ನ ತಿಂದು ಬದಲಾಯಿಸ್ಕೋಬೇಕು. ಅದಿಲ್ಲದೆ ಬೆಳೆಯೋದೂ ಇಲ್ಲ, ಜ್ವರ ಏಳೋದೂ ಇಲ್ಲ.” ಹುಳು ಹಳೇ ಚರ್ಮ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ.

“ಅಂದರೆ ಅದು ಬದುಕೋ ದಾರೀಲೇ ರೋಗಾನೂ ಬರುತ್ತೆ.”

“ಹೂಂ. ಅದಕ್ಕೇ ಬಾಗಿಲು ಕಿತ್ತುಹಾಕೋಕೆ ಆಗಲ್ಲ. ರೋಗ ಬಾಗಿಲ ತನಕ ಬರದ ಹಾಗೆ ನೋಡ್ಕೋಬೇಕು. ಅದೇನು ತಾನಾಗೇ ನಡ್ಕೊಂಡು ಬರುತ್ತಾ? ಯಾರಾದ್ರೂ ತಂದೇ ತರಬೇಕು, ಕೈಯಲ್ಲೋ ಸಾಮಾನಿನಲ್ಲೋ.”

ಆ ದಿನ ಊಟಕ್ಕೆ ಹೋಳಿಗೆ ಮಾಡಿಸಿದ್ದರು. ತಿಂದೆ, ಚೆನ್ನಾಗಿತ್ತು. ಆದರೆ ಆ ‘ತಂದೇ ತರಬೇಕು’ ಎನ್ನುವ ಮಾತು ಮನೆಯ ತನಕ ಜೊತೆಯಲ್ಲೇ ಬಂತು. ತಂದವನು ನಾನು. ತಂದು, ಅದರ ಪಾಪವನ್ನು ಇನ್ನೊಬ್ಬರ ತಲೆಗೆ ಕಟ್ಟಿದವನೂ ನಾನು. ಅಗರದಲ್ಲಿ ಸಿದ್ದಮ್ಮ ಎನ್ನುವ ಹೊಸ ಸೊಸೆ ಗಂಡನ ಮನೆಯಲ್ಲಿ ಉಳಿಯಬೇಕೋ ತವರಿಗೆ ಹೋಗಬೇಕೋ ಎನ್ನುವುದು ನನ್ನ ಬಾಯಿಂದ ಬರುವ ಒಂದು ಮಾತಿನ ಮೇಲೆ ನಿಂತಿತ್ತು. ನಾನು ಕೆಟ್ಟ ಮಾತಾಡಿದೆ. ವೇದಿಕೆಯ ಮೇಲೆ ಹೇಳಬೇಕಾಗಿದ್ದದ್ದು ಅದನ್ನು. ಹೇಳಿದ್ದು ಬೇರೆ ಏನೇನೋ. ಹಾಗಾಗಿ ಈಗ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಅರ್ಜಿ ಹಾಕಿದ್ದು ಮದರಾಸು ರಾಜ್ಯದಲ್ಲಿ, ಸೇರಿದ್ದು ಮೈಸೂರು ರಾಜ್ಯದಲ್ಲಿ. ನಡುವೆ ಕೊಳ್ಳೇಗಾಲ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವನಲ್ಲ. ಅದು ೧೯೫೬. ರಾಜ್ಯಗಳ ಗಡಿ ಬದಲಾಗಿ ಕೊಯಮತ್ತೂರು ಜಿಲ್ಲೆಯ ನಮ್ಮ ತಾಲ್ಲೂಕು ಮೈಸೂರಿಗೆ ಸೇರಿತು. ಕಚೇರಿಯ ಗೋಡೆಯ ಮೇಲಿನ ತಮಿಳು ಬೋರ್ಡು ಇಳಿದು ಕನ್ನಡದ್ದು ಏರಿತು. ನನ್ನ ಮೇಲಿನ ಅಧಿಕಾರಿ ಅಯ್ಯಾಸಾಮಿಯವರು ಮಾತ್ರ ಬದಲಾಗಲಿಲ್ಲ. ಅವರು ಕೊಯಮತ್ತೂರು ಕಡೆಯವರು, ಊರು ಬಿಟ್ಟು ಇಲ್ಲೇ ಉಳಿದರು. ಕನ್ನಡ ಓದಲು ಬರುತ್ತಿರಲಿಲ್ಲ, ಬಯ್ಯಲು ಚೆನ್ನಾಗಿ ಬರುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಡೆಮಾನ್‌ಸ್ಟ್ರೇಟರು. ಹಳ್ಳಿಯವರ ಬಾಯಲ್ಲಿ ‘ಹುಳದ ಮೇಷ್ಟ್ರು’. ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಊರೂರು ಸುತ್ತಿ, ಮರಿಹುಳುವಿಗೆ ಸೊಪ್ಪು ಎಷ್ಟು ಸಣ್ಣಗೆ ಹೆಚ್ಚಬೇಕು, ತಟ್ಟೆಯನ್ನು ಎಷ್ಟು ಸಲ ಚೊಕ್ಕ ಮಾಡಬೇಕು, ಬೆಳೆ ಮುಗಿದ ಮೇಲೆ ಹುಳದ ಮನೆಯನ್ನು ಫಾರ್ಮಲಿನ್ ಹಾಕಿ ಹೇಗೆ ತೊಳೆಯಬೇಕು ಎಂದು ಹೇಳಿಕೊಡುವುದು ಕೆಲಸ. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. “ಈ ಮೇಷ್ಟ್ರು ಬಂದ್ರೆ ಸಾವಿನ ಮನೆಗಿಂತ ಜಾಸ್ತಿ ಅಳ್ಬೇಕು” ಎಂದು ಹೆಂಗಸರು ನಗಾಡುತ್ತಿದ್ದರು. ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ಕೇಳುವ ಹಾಗೆ ಮಾಡಿದ್ದು ನನ್ನದೇ ಒಂದು ಎಡವಟ್ಟು.

ಹನೂರಿನ ಮಾದಯ್ಯ ಎನ್ನುವ ರೈತನಿಗೆ ಮೊಟ್ಟೆ ಹಾಳೆ ತಲುಪಿಸಬೇಕಾಗಿತ್ತು. ಚಿಟ್ಟೆ ಹಾಳೆಯ ಮೇಲೆ ಇಟ್ಟ ಮೊಟ್ಟೆಗಳು ಸಾಸಿವೆಗಿಂತ ಸಣ್ಣವು. ತಂಪು ಹೊತ್ತಿನಲ್ಲಿ ಒದ್ದೆ ಬಟ್ಟೆ ಹೊದಿಸಿ ಒಯ್ಯಬೇಕು. ನಾನು ಬೆಳಗಿನ ಬಸ್ಸು ತಪ್ಪಿಸಿಕೊಂಡು ಬಿಸಿಲೇರಿದ ಮೇಲೆ ಹೊರಟೆ. ದಾರಿಯಲ್ಲೇ ಮೊಟ್ಟೆ ಒಡೆದವು. ಕಂಡಕ್ಟರು ಟಿಕೆಟ್ಟು ಹರಿಯಲು ಬಂದವನು ನನ್ನ ತೊಡೆ ನೋಡಿ ನಿಂತ.

“ಏನ್ಸಾ ಅದು, ಕರೀ ಎಳ್ಳು ನಡೀತಾ ಅವೆ?”

“ರೇಷ್ಮೆ ಮರಿ ಕಣಯ್ಯ. ಮುಟ್ಟಬೇಡ.”

“ಮುಟ್ಟಾಕಿಲ್ಲ ಬುಡಿ. ಇವಕ್ಕೆಲ್ಲಾ ಟಿಕೆಟ್ ಅರಿಯೋರು ಯಾರು?”

ಬಸ್ಸೆಲ್ಲಾ ನಕ್ಕಿತು. ಪಕ್ಕದಲ್ಲಿದ್ದ ಅಜ್ಜಿ ಕಾಲು ಮೇಲೆತ್ತಿಕೊಂಡು ಹನೂರಿನ ತನಕ ಹಾಗೇ ಕೂತಿತ್ತು.

ಮಾದಯ್ಯನ ಮನೆಗೆ ಓಡಿದೆ. ಅವನ ತಾಯಿ ಬೈಯಲಿಲ್ಲ. “ಬರೋ ದಾರೀಲೇ ಹುಟ್ಕಂಡು ಬಂದವೆ, ಲಕ್ಷ್ಮಿ ನಡ್ಕಂಡು ಬಂದಂಗೆ” ಎಂದು ದೀಪ ಹಚ್ಚಿ, ಮನೆಯ ಬಿಳಿ ಹುಂಜದ ಒಂದು ಗರಿಯನ್ನು ನನ್ನ ಕೈಗೆ ಕೊಟ್ಟಳು. ಮರಿಹುಳು ಕೂದಲೆಳೆಯಷ್ಟು ಇರುತ್ತದೆ, ಬೆರಳಲ್ಲಿ ಹಿಡಿಯಲಾಗುವುದಿಲ್ಲ. ಮೆತ್ತನೆಯ ಗರಿಯಿಂದ ಹಾಳೆಯಿಂದ ತಟ್ಟೆಗೆ ಇಳಿಸಬೇಕು. ಆ ಇಳಿಸುವ ಕೈ ಒಳ್ಳೆಯದಾಗಿದ್ದರೆ ಬೆಳೆಯೂ ಒಳ್ಳೆಯದು ಎಂದು ನಮ್ಮ ಕಡೆಯ ನಂಬಿಕೆ. ನಾನು ಇಳಿಸಿದೆ. ಬೆಳೆ ಎಂಥದ್ದು ಬಂತೆಂದರೆ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಸಾಲದೆ ಅಕ್ಕಪಕ್ಕದ ಮನೆಯಿಂದ ಕೇಳಿ ತಂದರು.

ಅಲ್ಲಿಂದ ನನ್ನ ಕೈಗುಣ ಊರೂರಿಗೆ ಹಬ್ಬಿತು. ಹನೂರು ಸುತ್ತಲಿಂದ, ಕೊಳ್ಳೇಗಾಲದ ಹಳ್ಳಿಗಳಿಂದ, ಆಚೆ ಯಳಂದೂರು ಕಡೆಯಿಂದ ಕರೆ ಬರತೊಡಗಿತು. ಬಾಗಿಲಲ್ಲಿ ನೀರು ಕೊಡುವರು, ಚಾಪೆ ಹಾಸುವರು, ತಟ್ಟೆಯಲ್ಲಿ ಎಲೆಅಡಿಕೆ. ಎಲ್ಲರಿಗೂ ಮಾದಯ್ಯನ ತಾಯಿ ಕೊಟ್ಟ ಗರಿಯೇ ಬೇಕು. “ಅದ ತೊಳೀಬ್ಯಾಡಿ ಸಾ, ತೊಳುದ್ರೆ ಗುಣ ಓಯ್ತದೆ” ಎನ್ನುವರು. ನಾನು ಅದನ್ನು ಜೇಬಿನಲ್ಲಿ ಪೆನ್ನಿನ ಪಕ್ಕ ಇಟ್ಟುಕೊಂಡೆ. ತೊಳೆಯಲಿಲ್ಲ. ಇದನ್ನು ಓದುವ ಹೊಸಬರು ದಯವಿಟ್ಟು ಗಮನಿಸಬೇಕು. ಕಂಡವರ ತಟ್ಟೆ, ಮಚ್ಚು, ಮಣೆ, ಬಲೆ ಎಲ್ಲವನ್ನೂ ಫಾರ್ಮಲಿನ್ನಿನಲ್ಲಿ ಅದ್ದಿಸುತ್ತಿದ್ದವನು ನನ್ನ ಜೇಬಿನ ಗರಿಯೊಂದನ್ನು ಅದ್ದಲಿಲ್ಲ. ಜನ ನಂಬುತ್ತಾರೆ, ಅವರ ಮನಸ್ಸು ನೋಯಬಾರದು ಎಂದು ಮೊದಮೊದಲು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆಮೇಲಾಮೇಲೆ ನಾನೇ ನಂಬಿದೆ. ಹೊಗಳಿಕೆಗೆ ಆ ಶಕ್ತಿ ಇದೆ.

ಅಯ್ಯಾಸಾಮಿಯವರು ಒಂದು ದಿನ ನನ್ನ ಜೇಬು ನೋಡಿ, “ಏನಪ್ಪಾ, ಗವರ್ನಮೆಂಟು ಪೆನ್ ಕೊಟ್ಟಿದೆ ಅಲ್ಲ? ಯಾಕೆ ಕೋಳಿ ಇಟ್ಕೊಂಡಿದ್ದೀಯಾ?” ಎಂದರು. ನಾನು ನಕ್ಕು ತೇಲಿಸಿಬಿಟ್ಟೆ.

ಅಗರದ ಸಾಕಮ್ಮನದು ಗಟ್ಟಿ ಕೈಯ ಸಂಸಾರ. ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆ ತೋಟ, ಹುಳು, ಮನೆ ಎಲ್ಲವನ್ನೂ ಅವಳೇ ನಡೆಸಿಕೊಂಡು ಬಂದಿದ್ದಳು. ಒಬ್ಬನೇ ಮಗ ರಾಚಪ್ಪ, ತಾಯಿಯ ಮಾತು ಮೀರದವನು. ಅವನಿಗೆ ಅಜ್ಜೀಪುರದಿಂದ ಸಿದ್ದಮ್ಮನನ್ನು ತಂದುಕೊಂಡಿದ್ದರು. ಮದುವೆಯಾದ ಮೇಲಿನ ಮೊದಲ ಬೆಳೆಗೆ ನಾನೇ ಹುಳು ಇಳಿಸಬೇಕೆಂದು ಸಾಕಮ್ಮ ಹೇಳಿಕಳಿಸಿದಳು.

ಅಲ್ಲಿಗೆ ಹೋಗುವ ಹಿಂದಿನ ದಿನ ನಾನು ಹನೂರು ಕಡೆಯ ಒಂದು ಮನೆಯಲ್ಲಿದ್ದೆ. ಆ ಮನೆಗೆ ಹಾಲುತೊಂಡೆ ಬಂದಿತ್ತು. ಹುಳುವಿನ ಕಾಲು ಚಿವುಟಿದರೆ ತಿಳಿಯಾದ ರಸ ಬರಬೇಕು, ಹಾಲು ಬಂದರೆ ರೋಗ. ಒಂದೊಂದೇ ಚಿವುಟಿ ನೋಡಿದೆ. ಸೊಪ್ಪಿನಡಿ ಅವಿತ ಹುಳುಗಳನ್ನು ಹೊರಳಿಸಿ ನೋಡಲು ಜೇಬಿನಿಂದ ಗರಿ ತೆಗೆದೆ. ಎಲ್ಲಾ ತೋಟದ ಗುಂಡಿಗೆ ಹಾಕಿ ಸುಣ್ಣ ಹರಡಿ ಮುಚ್ಚಿಸಿ ಎಂದು ಬುದ್ಧಿ ಹೇಳಿದೆ. ಆಮೇಲೆ ಸೋಪು ಹಾಕಿ ಮೊಣಕೈ ತನಕ ತಿಕ್ಕಿ ತೊಳೆದುಕೊಂಡೆ. ನನ್ನಷ್ಟು ಚೊಕ್ಕ ಯಾರೂ ಇಲ್ಲವೆಂದು ನನಗೆ ಹೆಮ್ಮೆ. ಗರಿಯನ್ನು ಪಂಚೆಗೆ ಒರೆಸಿ ಜೇಬಿಗೆ ಸಿಕ್ಕಿಸಿದೆ. ಮಾರನೆಯ ದಿನ ಅಗರದಲ್ಲಿ ಅದೇ ಗರಿಯಿಂದ ಹುಳು ಇಳಿಸಿದೆ.

ಎರಡು ಜ್ವರ ಚೆನ್ನಾಗಿಯೇ ಎದ್ದವು. ಮೂರನೆಯದರಲ್ಲಿ ಅಲ್ಲೊಂದು ಇಲ್ಲೊಂದು ಹುಳು ಅಂಚು ಹಿಡಿಯಿತು. ನಾಲ್ಕನೇ ಜ್ವರ ಎದ್ದ ಮೇಲೆ ತಟ್ಟೆ ತಟ್ಟೆಯೇ ಹಾಲಾಗಿ ಹೋಯಿತು. ನಾನು ಹೋದಾಗ ಸಾಕಮ್ಮ ಅಳುತ್ತಿರಲಿಲ್ಲ, ಕಾರಣ ಹುಡುಕುತ್ತಿದ್ದಳು.

“ಕೈ ನಿಮ್ದು ಸಾ, ಅದ್ರಲ್ಲಿ ತಪ್ಪಿಲ್ಲ. ಸೊಪ್ಪು ನಮ್ದು, ನೀವೇ ನೋಡಿದ್ದೀರಿ, ಎಣ್ಣೆ ಉಯ್ದಂಗದೆ. ಮನೇನ ನೀವೇ ನಿಂತು ತೊಳಿಸಿದ್ರಿ. ಒಸದಾಗಿ ಬಂದಿರೋದು ಇವಳೊಬ್ಬಳೇ. ಇವಳ ಕಾಲ್ಗುಣ ಅಲ್ದೆ ಇನ್ನೇನು? ನೀವು ಓದ್ದೋರು, ನೀವೇ ಏಳಿ.”

ಸಿದ್ದಮ್ಮ ಸೊಪ್ಪಿನ ಕುಕ್ಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ತಲೆಯೆತ್ತಿ ನನ್ನನ್ನೇ ನೋಡಿ, “ನಾನು ಸೊಪ್ಪು ಎಚ್ಕೊಟ್ಟಿದ್ದು ಬುಟ್ರೆ ಹುಳಾನ ಮುಟ್ಟೇ ಇಲ್ಲ ಸಾ. ಇಳಿಸ್ದೋರು ನೀವು” ಎಂದಳು.

“ನೋಡಿದ್ರಾ ಬಾಯಿ?” ಎಂದಳು ಸಾಕಮ್ಮ.

ಕಾಲ್ಗುಣ ಸುಳ್ಳು ಎಂದು ಹೇಳಬೇಕಾಗಿತ್ತು. ಆದರೆ ಕಾಲ್ಗುಣ ಸುಳ್ಳಾದರೆ ಕೈಗುಣ ಎಲ್ಲಿ ನಿಂತೀತು? ಅದು ನನ್ನ ತಲೆಯಲ್ಲಿ ಮಿಂಚಿ ಹೋಯಿತು. ಸಿದ್ದಮ್ಮನ ಮಾತು ಚುಚ್ಚಿಯೂ ಇತ್ತು. ಬಹಳ ತಿಳಿದವನಂತೆ, “ಇನ್ನೊಂದು ಬೆಳೆಗೆ ಆಯಮ್ಮನನ್ನು ದೂರ ಇಟ್ಟು ನೋಡೋಣ. ಆಗ ಗೊತ್ತಾಗುತ್ತದೆ” ಎಂದುಬಿಟ್ಟೆ. ಪ್ರಯೋಗ ಮಾಡುವವನ ಮಾತಿನ ಹಾಗೆ ಕೇಳಿಸಲಿ ಎಂದು ಆ ಧಾಟಿಯಲ್ಲಿ ಹೇಳಿದೆ. ಸಾಕಮ್ಮನಿಗೆ ಅಷ್ಟು ಸಾಕಾಗಿತ್ತು. ಅದೇ ವಾರ ರಾಚಪ್ಪ ಹೆಂಡತಿಯನ್ನು ಅಜ್ಜೀಪುರಕ್ಕೆ ಬಿಟ್ಟುಬಂದ. ಬೆಳೆ ಚೆನ್ನಾಗಿ ಬಂದರೆ ಅವಳನ್ನು ತಿರುಗಿ ಕರೆಯುವುದಿಲ್ಲ ಎಂದು ಸಾಕಮ್ಮ ಊರಲ್ಲಿ ಹೇಳಿಕೊಂಡು ತಿರುಗಿದಳು.

ಮನೆಯನ್ನು ಫಾರ್ಮಲಿನ್ನಿನಲ್ಲಿ ತೊಳೆಸಿದೆ. ತಟ್ಟೆಗಳನ್ನು ಬಿಸಿಲಿಗೆ ಹಾಕಿಸಿದೆ. ಜೇಬಿನಿಂದ ಗರಿ ತೆಗೆದು ಮತ್ತೆ ಹುಳು ಇಳಿಸಿದೆ. ಮತ್ತೆ ಹಾಲುತೊಂಡೆ ಬಂತು, ಮೊದಲಿಗಿಂತ ಬೇಗ. ನಾನು ಹೇಳಿದ ಪ್ರಯೋಗವೇ ಸಿದ್ದಮ್ಮನದು ತಪ್ಪಿಲ್ಲವೆಂದು ಸಾರಿ ಹೇಳಿತು. ಸಾಕಮ್ಮ ಒಪ್ಪಲಿಲ್ಲ. “ಓದೋಳು ಓದ್ಲು, ಕಾಲ್ಗುಣ ಮನೇಲೇ ಬುಟ್ಟು ಓಗವಳೆ” ಎಂದಳು. ನಾನು ಸೈಕಲ್ ಹತ್ತಿ ಹೊರಟುಬಿಟ್ಟೆ.

ಎರಡು ಬೆಳೆ ಹೋದ ಸುದ್ದಿ ಕೇಳಿ ಅಯ್ಯಾಸಾಮಿಯವರು ನನ್ನನ್ನು ಕಚೇರಿಗೆ ಕರೆದರು. ಅವರ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇತ್ತು. ನಾನು ಮನೆ, ತಟ್ಟೆ, ಸೊಪ್ಪು ಎಂದು ವರದಿ ಒಪ್ಪಿಸುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಲೇ ಕೈ ಚಾಚಿ ನನ್ನ ಜೇಬಿನ ಗರಿ ಎಳೆದುಕೊಂಡರು. ಒಂದು ಬಟ್ಟಲ ನೀರಿನಲ್ಲಿ ಅದನ್ನು ಕಲಕಿ, ಆ ನೀರಿನ ಹನಿಯನ್ನು ಗಾಜಿನ ಮೇಲಿಟ್ಟು ನೋಡಿದರು.

“ಪಾರು,” ಎಂದು ಪಕ್ಕಕ್ಕೆ ಸರಿದರು. “ನೀನೇ ನೋಡು.”

ಕಣ್ಣಿಟ್ಟೆ. ಕಲ್ಲುಸಕ್ಕರೆ ಪುಡಿ ಮಾಡಿ ಚೆಲ್ಲಿದಂತೆ ಮೂಲೆಮೂಲೆಯ ಹರಳುಗಳು ಹೊಳೆಯುತ್ತಿದ್ದವು. ನೋಡಲು ಬಹಳ ಚೆನ್ನಾಗಿದ್ದವು. ಅದೇನೆಂದು ನನಗೆ ಗೊತ್ತಿತ್ತು, ತರಬೇತಿಯಲ್ಲಿ ತೋರಿಸಿದ್ದರು. ಹಾಲುತೊಂಡೆಯ ವೈರಸ್ ಅಂಥ ಹರಳಿನೊಳಗೆ ಹುದುಗಿರುತ್ತದೆ.

“ನಾನು ಸೋಪು ಹಾಕಿ ತೊಳೆದುಕೊಂಡಿದ್ದೆ ಸಾರ್” ಎಂದೆ.

“ಕೈ ತೊಳೆದೆ. ಇದನ್ನು ತೊಳೆದೆಯಾ? ತೊಳೆದಿದ್ದರೂ ನಿನ್ನ ಸೋಪಿಗೆ ಇದು ಕರಗುವುದಿಲ್ಲ. ಸುಣ್ಣದ ತಿಳಿಗೆ ಕರಗುತ್ತೆ. ಹುಳದ ಹೊಟ್ಟೆಯ ರಸಾನೂ ಸುಣ್ಣದ ಜಾತೀನೇ, ಅಲ್ಲೂ ಕರಗುತ್ತೆ. ಕರಗಿದ ಮೇಲೆ ಒಳಗಿರೋನು ಆಚೆ ಬರ್ತಾನೆ. ಇದು ಗರಿ ಇಲ್ಲಪ್ಪಾ, ಎಮನ ಸವಾರಿ.”

“ಆಚೆ ಬಂದ ಮೇಲೆ ಹುಳುವಿನ ಮೈಯೊಳಗೆ ಹೇಗೆ ಹೋಗುತ್ತದೆ ಸಾರ್?”

“ನನಗೆ ತೆರಿಯಾದು. ನಿನಗೆ ಅದು ಯಾಕೆ ಈಗ? ಹೇಗೆ ಬಂತು ಅನ್ನೋದು ತಿಳೀತಲ್ಲ, ಅದು ಸಾಲದಾ?”

ಅವರು ಹೇಳದೆ ಬಿಟ್ಟದ್ದನ್ನು ಹೋದ ವರ್ಷ ಆ ಹೆಣ್ಣುಮಗಳು ಹೇಳಿದಳು, ಕೇಳಲು ಅಯ್ಯಾಸಾಮಿಯವರೇ ಬದುಕಿರಲಿಲ್ಲ. ನಮ್ಮ ಕಾಲದಲ್ಲಿ ರೋಗ ಬಂದ ಕಡೆಯೆಲ್ಲಾ ‘ಸೊಪ್ಪು ಸರಿಯಿಲ್ಲ’ ಎಂದು ರೈತನನ್ನು ಬಯ್ದುಬಿಡುತ್ತಿದ್ದೆವು. ಸೊಪ್ಪು, ಸೆಕೆ, ಗಾಳಿ ಇವೆಲ್ಲಾ ಮುಖ್ಯವೇ, ಇಲ್ಲವೆನ್ನುವುದಿಲ್ಲ. ಆದರೆ ಸಾಕಮ್ಮನ ಹುಳ ಚೆನ್ನಾಗಿ ಮೇಯ್ದ ಹುಳ. ಅದರ ಜೀವಕೋಶದ ಪೊರೆಯಲ್ಲೂ ಕೊಲೆಸ್ಟರಾಲ್ ಇತ್ತು, ಇರಲೇಬೇಕಾಗಿತ್ತು. ಒಳ್ಳೆಯ ಸೊಪ್ಪಿಟ್ಟು ಅದನ್ನು ಒದಗಿಸಿದವಳು ಸಾಕಮ್ಮ, ಆ ಸೊಪ್ಪನ್ನು ಹೆಚ್ಚಿಕೊಟ್ಟವಳು ಸಿದ್ದಮ್ಮ. ಅವರಿಬ್ಬರೂ ಮಾಡಬೇಕಾದ್ದನ್ನೇ ಮಾಡಿದ್ದರು. ವೈರಸ್ಸನ್ನು ಅಲ್ಲಿಯ ತನಕ ಕರೆದುಕೊಂಡು ಹೋದದ್ದು ನನ್ನ ಜೇಬು. ಮೊದಲ ಬೆಳೆಯೂ ಗರಿಯಿಂದಲೇ ಹೋಯಿತೆಂದು ಕೋರ್ಟಿನಲ್ಲಿ ಪ್ರಮಾಣ ಮಾಡಲಾರೆ. ನನ್ನ ಮನಸ್ಸಿಗೆ ಮಾತ್ರ ಸಂಶಯವಿಲ್ಲ.

ಅಂದಿನಿಂದ ಪ್ರತಿ ಮನೆಯಲ್ಲೂ ಹೊಸ ಗರಿ ಕೇಳುತ್ತಿದ್ದೆ, ಕೆಲಸ ಮುಗಿದ ಮೇಲೆ ಅಲ್ಲೇ ಒಲೆಗೆ ಹಾಕಿಸುತ್ತಿದ್ದೆ. ಹುಳದ ಮನೆಯ ಬಾಗಿಲಲ್ಲಿ ಸುಣ್ಣದ ತಿಳಿಯ ಮಡಕೆ ಇಡಿಸಿ, ಕೈ ಅದ್ದದೆ ಒಳಗೆ ಕಾಲಿಡುತ್ತಿರಲಿಲ್ಲ. ಎಪ್ಪತ್ತರ ಹೊತ್ತಿಗೆ ಹೊಸ ತಳಿಗಳು ಬಂದವು. ಗೂಡು ದೊಡ್ಡದು, ಹುಳು ನಾಜೂಕು. ಹಳೇ ಮೈಸೂರು ತಳಿ ತಡೆದುಕೊಳ್ಳುತ್ತಿದ್ದದ್ದನ್ನು ಅವು ತಡೆಯುತ್ತಿರಲಿಲ್ಲ. ಆಗ ಆ ಮಡಕೆ ಎಷ್ಟೋ ಮನೆ ಉಳಿಸಿತು. ಅದು ನನ್ನ ಬುದ್ಧಿವಂತಿಕೆ ಎಂದು ಕೆಲವರು ಹೊಗಳಿದ್ದೂ ಉಂಟು. ಬುದ್ಧಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಯ್ಯಾಸಾಮಿಯವರು ಹರಳು ತೋರಿಸಿದ ಮಾರನೆಯ ದಿನವೇ ಆ ಗರಿಯನ್ನು ಒಂದು ಸೀಸೆ ಸುಣ್ಣದ ತಿಳಿಯಲ್ಲಿ ಮುಳುಗಿಸಿಕೊಂಡು ಅಗರಕ್ಕೆ ಹೋದೆ. ಜಗಲಿಯ ಮೇಲೆ ಕೂತು ಸಾಕಮ್ಮನಿಗೆ ಎಲ್ಲಾ ಹೇಳಿದೆ. ಹನೂರಿನ ರೋಗದ ಮನೆ, ಗರಿ, ಹರಳು, ಒಂದನ್ನೂ ಬಿಡಲಿಲ್ಲ. ತಪ್ಪು ನನ್ನದು, ಸೊಸೆಯನ್ನು ಕರೆದುಕೊಂಡು ಬನ್ನಿ ಎಂದೆ. ಬಯ್ಯುತ್ತಾಳೆ, ಪರವಾಗಿಲ್ಲ ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಆಕೆ ಸೀಸೆಯನ್ನು ಎತ್ತಿ ನೋಡಿದಳು.

“ಅಯ್ಯೋ ಸಾ, ಸುಣ್ಣಕ್ಕಾಕಿ ಕೆಡಿಸ್ಬುಟ್ರಲ್ಲ! ಬ್ಯಾಡ ಅಂದಿದ್ರೆ ನಂಗೇ ಕೊಟ್ಟಿದ್ರೆ ಆಗಿರ್ತಿತ್ತು.”

“ಸಾಕಮ್ಮಾ, ನಾನು ಹೇಳಿದ್ದು ಕೇಳಿಸ್ತಾ? ರೋಗ ತಂದಿದ್ದು ನಾನು.”

“ದೊಡ್ಡೋರು ನೀವು, ಯಾರದೋ ತಪ್ಪ ಮೈಮ್ಯಾಲೆ ಆಕ್ಕತೀರಿ. ಅವಳಪ್ಪ ಬಂದು ನಿಮ್ಮ ಕಾಲಿಡ್ಕಂಡ್ನಾ? ನಿಜ ಏಳಿ.”

ಎಷ್ಟು ಹೇಳಿದರೂ ಅಷ್ಟೇ. ನಾನು ತಪ್ಪೊಪ್ಪಿಕೊಂಡಷ್ಟೂ ಆಕೆಯ ಕಣ್ಣಲ್ಲಿ ದೊಡ್ಡವನಾದೆ. ಎದ್ದು ಹೋಗುವಾಗ ಕಾಫಿ ಬೇರೆ ಕೊಟ್ಟಳು. ರಾಚಪ್ಪ ಸೈಕಲ್ಲಿನ ತನಕ ಬಂದು, “ಅವ್ವ ಒಪ್ಪೋಗಂಟ ನಾನೇನ್ಮಾಡ್ಲಿ ಸಾ” ಎಂದು ಕಣ್ಣೊರೆಸಿಕೊಂಡ.

ಉಳಿದದ್ದು ಅಜ್ಜೀಪುರ. ಹೋಗಲು ಕಾಲೇ ಬರುತ್ತಿರಲಿಲ್ಲ. ಹೋದೆ. ಸಿದ್ದಮ್ಮ ತವರಿನ ಅಂಗಳದಲ್ಲಿ ತಟ್ಟೆಗಳಿಗೆ ಸಗಣಿ ಸಾರಿಸುತ್ತಿದ್ದಳು. ಅವಳ ಅಪ್ಪನ ಮನೆಯಲ್ಲೂ ಹುಳು ಸಾಕುತ್ತಿದ್ದರು. ಅವಳು ಬಂದ ಮೇಲೆ ಆ ಬೆಳೆಯೆಲ್ಲಾ ಅವಳ ಕೈಯಲ್ಲೇ ಇತ್ತು. ನಿಂತುಕೊಂಡೇ ಎಲ್ಲಾ ಹೇಳಿದೆ. ಅವಳು ಸಾರಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, “ನನ್ನಿಂದ ತಪ್ಪಾಯಿತಮ್ಮ” ಎಂದೆ.

“ಆವತ್ತು ಎಲ್ಲಾರ್ ಮುಂದೆ ಏಳುದ್ರಿ. ಇವತ್ತು ನನ್ನೊಬ್ಬಳ ಮುಂದೆ ಏಳ್ತಾ ಇದ್ದೀರಿ.”

“ನಿಮ್ಮತ್ತೆಗೂ ಹೇಳಿದೆ. ಅವರು ನಂಬುತ್ತಿಲ್ಲ. ಅದಕ್ಕೇ ಒಂದು ಯೋಚನೆ ಮಾಡಿದ್ದೇನೆ. ನೀನು ಅಗರಕ್ಕೆ ಬಂದು ಒಂದು ತಟ್ಟೆ ಹುಳುವನ್ನು ನಿನ್ನ ಕೈಯಾರೆ ಇಳಿಸು. ಅದು ಚೆನ್ನಾಗಿ ಬಂದರೆ...”

ಅವಳು ಈಗ ಎದ್ದು ನಿಂತಳು. “ತಪ್ಪು ನಿಮ್ದು ಅಂತೀರಿ. ಪರೀಕ್ಷೆ ನನ್ಗಾ?”

ನಾನು ಎರಡನೇ ಸಲವೂ ಅದೇ ತಪ್ಪನ್ನು ಮಾಡುತ್ತಿದ್ದೆ, ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡು.

“ನಾನು ಬರಾಕಿಲ್ಲ,” ಎಂದಳು. “ನಮ್ಮತ್ತೇನ ಇಲ್ಲಿಗೆ ಕರ್ಕಂಬನ್ನಿ. ಬಂದು ನೋಡ್ಲಿ. ನಾಲ್ಕನೇ ಜ್ವರ ಎದ್ದದೆ, ಇನ್ನೊಂದು ವಾರಕ್ಕೆ ಅಣ್ಣಾಗಿ ಗೂಡಿಗೆ ಬತ್ತವೆ. ಅವರ ಕಣ್ಣಲ್ಲಿ ಅವರೇ ನೋಡ್ಕಳ್ಲಿ. ನನ್ನ ಕಾಲು ಇಲ್ಲೂ ನೆಲದ ಮ್ಯಾಲೇ ಅದೆ.” ತಿರುಗಿ ಸಗಣಿಗೆ ಕೈ ಹಾಕುತ್ತಾ, “ಆ ಹರಳು ಸುಣ್ಣಕ್ಕೆ ಕರಗ್ತದೆ ಅಂದ್ರಲ್ಲ, ಬರೀ ತಿಳಿ ಸಾಕಾ, ಗಟ್ಟಿ ಸುಣ್ಣ ಬೇಕಾ?” ಎಂದು ಕೇಳಿದಳು. ಹೊಸದಾಗಿ ಅರಳಿಸಿದ ಸುಣ್ಣದ ತಿಳಿ ಸಾಕು ಎಂದೆ.

ಸಾಕಮ್ಮನನ್ನು ಅಲ್ಲಿಗೆ ಹೊರಡಿಸಿದ್ದು ನನ್ನ ಸರ್ವೀಸಿನಲ್ಲೇ ಕಷ್ಟದ ಕೆಲಸ. ಬೀಗರ ಮನೆಗೆ ಕರೆಯದೆ ಹೋಗುವುದುಂಟೇ ಎಂದಳು. ಕರೆದಿದ್ದಾಳೆ ಎಂದೆ. ಸೊಸೆ ಕರೆದರೆ ಅತ್ತೆ ಹೋಗುವುದುಂಟೇ ಎಂದಳು. ಕಡೆಗೆ ಒಂದು ಸುಳ್ಳಿಲ್ಲದ ಆಸೆ ತೋರಿಸಿದೆ: “ಅಲ್ಲಿ ಹುಳು ಹೇಗಿವೆ ನೋಡಬೇಡವಾ?” ಹುಳು ಸಾಕುವ ಹೆಂಗಸಿಗೆ ಬೇರೊಬ್ಬರ ಬೆಳೆ ನೋಡುವ ಆಸೆ ತಡೆಯುವುದು ಕಷ್ಟ. ಕೊಳ್ಳೇಗಾಲಕ್ಕೆ ಬಂದು ಹನೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಿಟಕಿಯಾಚೆಯ ಹಿಪ್ಪುನೇರಳೆ ತೋಟಗಳಿಗೆ ಹೆಸರಿಡುತ್ತಾ ಬಂದಳು. “ಇದೇನ್ ಸೊಪ್ಪು, ಮೇಕೆ ಮೇಯ್ದು ಬುಟ್ಟಂಗದೆ.” “ಇವರು ನೀರು ಕಟ್ಟಿ ಎಸ್ಟು ದಿನ ಆಯ್ತೋ.” ಅಜ್ಜೀಪುರ ಹತ್ತಿರವಾದಂತೆ ಮಾತು ಕಡಿಮೆಯಾಯಿತು.

ಹುಳದ ಮನೆಯ ಬಾಗಿಲಲ್ಲಿ ಒಂದು ಮಡಕೆ ಇತ್ತು. ಸಿದ್ದಮ್ಮ ಒಳಗಿಂದ ಬಂದು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, “ಕೈ ಅದ್ದಿ ಅತ್ತಮ್ಮ” ಎಂದಳು. ಸಾಕಮ್ಮ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಮೂಗು ಮುರಿಯುತ್ತಲೇ ಅದ್ದಿದಳು. ನಾನೂ ತೋಳು ಮಡಿಸಿ ಮುಂದೆ ಬಂದೆ.

“ಮೇಷ್ಟ್ರು ಆಚೆಗೇ ಇರ್ಲಿ” ಎಂದಳು ಸಿದ್ದಮ್ಮ.

ನನಗೆ ಮುಖಕ್ಕೆ ಹೊಡೆದಂತಾಯಿತು. ಹಾಗೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ ಮನೆ ಅದೊಂದೇ. ಅವಳಿಗೆ ಆ ಹಕ್ಕು ಇತ್ತು. ಹೋಗಿ ಜಗಲಿಯ ಮೇಲೆ ಕೂತೆ.

ಬಾಗಿಲು ತೆರೆದೇ ಇತ್ತು. ಅಲ್ಲಿಂದಲೇ ತಟ್ಟೆಗಳು ಕಾಣುತ್ತಿದ್ದವು. ಅವತ್ತೇ ಹುಳು ಹಣ್ಣಾಗಿದ್ದವು. ಹಣ್ಣಾದ ಹುಳು ಮೇವು ಬಿಟ್ಟು, ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಕಾಣುತ್ತದೆ. ಆ ಹೊತ್ತಿಗೆ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಸುರಿಸಿ ಹಾಳುಮಾಡುತ್ತದೆ. ಮನೆಯಲ್ಲಿ ಇದ್ದವರು ಸಿದ್ದಮ್ಮ ಮತ್ತು ಅವಳ ತಾಯಿ ಇಬ್ಬರೇ. ಅಪ್ಪ ಚಂದ್ರಿಕೆ ಕೇಳಿ ತರಲು ಹೋಗಿದ್ದ. ಸಾಕಮ್ಮ ಸ್ವಲ್ಪ ಹೊತ್ತು ಸೆರಗು ಹಿಡಿದು ನಿಂತೇ ಇದ್ದಳು, ನೆಂಟರ ಹಾಗೆ. ಒಂದು ತಟ್ಟೆಗೆ ಬಗ್ಗಿದಳು. ಒಂದು ಹುಳುವನ್ನು ಅಂಗೈಯಲ್ಲಿಟ್ಟು ಹೊರಳಿಸಿದಳು. ಇನ್ನೊಂದು ತಟ್ಟೆಗೆ ಹೋದಳು. ಅಂಚಿನಲ್ಲಿ ಸುತ್ತುವ ಹುಳು ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಒಂದಾದರೂ ಸಿಕ್ಕರೆ ಮುಗಿಯಿತು ಎಂದು ನಾನೂ ಜಗಲಿಯಿಂದಲೇ ಕತ್ತು ಚಾಚಿ ಅಂಚುಗಳನ್ನು ನೋಡತೊಡಗಿದೆ.

“ಏನಮ್ಮಿ, ಇವು ಇಲ್ಲೇ ನೂಲು ಬುಡ್ತಾ ಅವೆ, ನೋಡ್ಕಂಡು ನಿಂತಿದ್ದೀಯಲ್ಲ!” ಎನ್ನುವ ಕೂಗು ಕೇಳಿತು.

“ಎರಡೇ ಕೈ ಅತ್ತಮ್ಮ ನಂಗೆ.”

“ಸರಿ ಅತ್ಲಾಗೆ.” ಸಾಕಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಕೂತೇಬಿಟ್ಟಳು. ಎರಡೂ ಕೈಯಲ್ಲಿ ಆರಿಸುತ್ತಾ, “ಕಣ್ಣು ನೆಟ್ಟಗಿಲ್ವಾ ನಿಂಗೆ, ಇದಿನ್ನೂ ಅಸಿ, ಇದ ಯಾಕಾಕ್ದೆ?” ಎಂದು ಶುರುಮಾಡಿದಳು. ಸಿದ್ದಮ್ಮನೂ ಬಿಡಲಿಲ್ಲ. “ನೀವು ಅಲ್ಲಿ ಬುಟ್ಟಿರೋದು ನೋಡಿ ಮೊದ್ಲು” ಎಂದಳು. ಬೀಗಿತ್ತಿ ನಗುವುದು ಕೇಳಿಸಿತು. ಅತ್ತೆ ಸೊಸೆ ಹಾಗೆ ಜಗಳವಾಡುತ್ತಾ ಆರಿಸುತ್ತಾ, ಚಂದ್ರಿಕೆಗಳು ಒಂದೊಂದೇ ತುಂಬಿ ಅಂಗಳದ ನೆರಳಿಗೆ ಬಂದು ನಿಂತವು. ಸಾಕಮ್ಮ ಕ್ಷಮೆ ಕೇಳಲಿಲ್ಲ. ಕಾಲ್ಗುಣದ ಮಾತನ್ನೂ ಎತ್ತಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲಿಗೆ ಬಂದು, ಬೆನ್ನು ನೆಟ್ಟಗೆ ಮಾಡಿಕೊಂಡು ನನಗೆ ಹೇಳಿದಳು:

“ನೀವು ಓಗಿ ಸಾ, ಬಸ್ಸು ಬತ್ತದೆ. ಇಲ್ಲಿ ಕೆಲಸ ಸಿಕ್ಕಾಪಟ್ಟೆ ಅದೆ. ಗೂಡು ಬುಡಿಸ್ಕಂಡು ನಾವಿಬ್ರೂ ಒಟ್ಗೇ ಬತ್ತೀವಿ. ರಾಚಂಗೆ ಏಳಿ, ಮನೆ ಗುಡಿಸಿ ಸಾರಿಸಿ ಇಟ್ಟಿರ್ಲಿ ಅಂತ.”

ಇನ್ನೂ ಎರಡು ತಟ್ಟೆ ಉಳಿದಿದ್ದವು. ಹಣ್ಣಾದ ಹುಳು ಕಂಡರೆ ನನ್ನ ಕೈ ಸುಮ್ಮನಿರುವ ಕೈಯಲ್ಲ. ಎದ್ದು ನಿಂತು, “ಬಸ್ಸಿಗೆ ಹೊತ್ತಿದೆ. ನಾನೂ ಒಂದು ಕೈ ಹಾಕಲಾ?” ಎಂದೆ.

“ಬ್ಯಾಡಿ ಸಾ!” ಎಂದರು ಅತ್ತೆ ಸೊಸೆ ಇಬ್ಬರೂ, ಒಂದೇ ಉಸಿರಿನಲ್ಲಿ.

ನಾನು ನಗುತ್ತಾ ಚಪ್ಪಲಿ ಮೆಟ್ಟಿಕೊಂಡೆ. ಅಗರಕ್ಕೆ ಹೋಗಿ ರಾಚಪ್ಪನಿಗೆ ಹೇಳುವುದಿತ್ತು.